ಗಾಯಕಿ ಬಲಕ್ಕೆ ಸರಿದ ವರ್ಷ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಹಲೋ ಅಕ್ಕ’ ಎಂದೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎಲ್ಲೆಲ್ಲಿಯದೋ ಊರಿನ ಯಾರ್ಯಾರನ್ನೋ ಒಬ್ಬರಿಗೊಬ್ಬರು ಜೋಡಿಸುತ್ತ ಅರ್ಧ ಆಯುಷ್ಯ ಕಳೆದವಳು. ಎಕ್ಸ್‌ಚೇಂಜ್ ಮುಚ್ಚಿ, ಆ ಕಟ್ಟಡದೊಳಗೆ ಚಪ್ಪಲಿ ಅಂಗಡಿ ಬಂದ ಮೇಲೂ ಹೆಸರು ಮಾತ್ರ ಬಿಟ್ಟುಹೋಗಲಿಲ್ಲ. ತರಕಾರಿಯವನು ಕೆಳಗಿನಿಂದ “ಹಲೋ ಅಕ್ಕ, ಬೀನ್ಸ್ ಬೇಕಾ?” ಎಂದು ಕೂಗಿದರೆ, ಇವಳು ಅಭ್ಯಾಸಬಲದಿಂದ “ಲೈನಲ್ಲೇ ಇರಿ” ಎಂದು ಹೇಳಿ ಚೀಲ ತರಲು ಒಳಗೆ ಹೋಗುತ್ತಿದ್ದಳು. ಬೀದಿಗೆಲ್ಲ ಅದೊಂದು ನಗೆ.

ಆ ಕೆಲಸ ಅವಳಿಗೆ ಕಲಿಸಿಕೊಟ್ಟಿದ್ದು ಒಂದೇ ವಿದ್ಯೆ, ಮಾತಿನ ಹಿಂದಿರುವ ಮಾತನ್ನು ಕೇಳುವುದು. ‘ಹಲೋ’ ಎಂಬ ಎರಡಕ್ಷರದಲ್ಲೇ ಸಾವಿನ ಸುದ್ದಿ ಹೊತ್ತವರು ಯಾರು, ಮುನಿಸಿಕೊಂಡ ಹೆಂಡತಿಯನ್ನು ಒಲಿಸಲು ಹೊರಟವರು ಯಾರು ಎಂಬುದು ಅವಳಿಗೆ ತಿಳಿದುಬಿಡುತ್ತಿತ್ತು. ಮನೆ ಸೇರುವ ಹೊತ್ತಿಗೆ ಕಿವಿ ಎರಡೂ ಹಿಂಡಿದ ಬಟ್ಟೆಯ ಹಾಗಾಗಿರುತ್ತಿದ್ದವು. ಸ್ವಲ್ಪ ಹೊತ್ತು ಯಾರೂ ಏನೂ ಸದ್ದು ಮಾಡದೆ ಇದ್ದರೆ ಸಾಕಪ್ಪಾ ಅನಿಸುತ್ತಿತ್ತು.

ಕಟ್ಟಿಕೊಂಡ ಗಂಡನೋ, ಸದ್ದಿನ ಹುಚ್ಚ.

ಅವನು ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ದೊಡ್ಡ ದೊಡ್ಡ ಕಟ್ಟಡಗಳ ಬಾವಿಯಂಥ ಕತ್ತಲಿನಲ್ಲಿ ನಿಂತು, ಹಗ್ಗಕ್ಕೆ ಗ್ರೀಸು ಬಳಿದು, ಬಾಗಿಲ ಗಾಲಿ ಬದಲಿಸಿ, ಸಂಜೆ ಕೈಯನ್ನು ಉಜ್ಜಿ ಉಜ್ಜಿ ತೊಳೆದುಕೊಂಡು ಬಂದು ತನ್ನ ಪೆಟ್ಟಿಗೆಗಳ ಮುಂದೆ ಕೂರುತ್ತಿದ್ದ. ಮೂರನೆಯ ಮಹಡಿಯ ಆ ಸಣ್ಣ ಹಾಲಿನಲ್ಲಿ ಸೋಫಾ ಇರಲಿಲ್ಲ. ಬೀರುವಿನಷ್ಟು ಎತ್ತರದ ಎರಡು ಸ್ಪೀಕರುಗಳು, ಅವುಗಳ ನಡುವೆ ಮರದ ಸ್ಟ್ಯಾಂಡು, ಅದರ ಮೇಲೆ ಸಿ.ಡಿ. ಪ್ಲೇಯರು, ಅದು ಓದಿದ ಅಂಕಿಗಳನ್ನು ದನಿಯಾಗಿ ಬದಲಿಸುವ ಇನ್ನೊಂದು ಪೆಟ್ಟಿಗೆ, ಕೆಳಗೆ ಆಂಪ್ಲಿಫೈಯರು. ಎದುರಿಗೆ ಎರಡು ಕುರ್ಚಿ. ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಮಾತಾಡುವುದನ್ನು ಇಬ್ಬರೂ ಬಿಟ್ಟು ಬಹಳ ಕಾಲವಾಗಿತ್ತು. ಎರಡನೆಯ ಮಹಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ನಾದಿನಿ, “ನಮ್ಮಣ್ಣ ಎರಡು ಸಂಸಾರದವನು ಅತ್ತಿಗೆ. ನಿನ್ನ ಸವತಿಗೆ ಕರೆಂಟು ಹೋದ್ರೆ ಮಾತ್ರ ನಿನ್ನ ಸರದಿ” ಎಂದು ರೇಗಿಸುತ್ತಿದ್ದಳು.

ಹುಚ್ಚು ಹೆಚ್ಚಾಗಿದ್ದು ತಂತಿಗಳ ವಿಷಯದಲ್ಲಿ. ಪ್ಲೇಯರಿನಿಂದ ಆ ಬದಲಿಸುವ ಪೆಟ್ಟಿಗೆಗೆ ಹೋಗುವ ಡಿಜಿಟಲ್ ಕೇಬಲ್ ಒಂದಿತ್ತು, ಕಿರುಬೆರಳು ದಪ್ಪ, ಮೊಳದುದ್ದ. ಅದನ್ನು ಬದಲಿಸಿದರೆ ದನಿಯೇ ಬದಲಾಗುತ್ತದೆ ಎಂದು ಅವನು ನಂಬಿದ್ದ. ತಾಮ್ರದ್ದು, ಬೆಳ್ಳಿಯ ಲೇಪದ್ದು, ಬೆಳಕನ್ನೇ ಹರಿಸುವ ಗಾಜಿನ ಎಳೆಯದ್ದು, ಹೀಗೆ ಒಂದೊಂದಾಗಿ ಮನೆಗೆ ಬಂದವು. ಪೇಟೆಯಲ್ಲಿ ಹಾಡಿನ ಯಂತ್ರಗಳ ಅಂಗಡಿ ಇಟ್ಟಿದ್ದವನು ಇವನಿಗೆ ಗೆಳೆಯನೇ ಆಗಿಹೋಗಿದ್ದ. ಹೊಸದೇನಾದರೂ ಬಂದರೆ ಕಟ್ಟು ಬಿಚ್ಚುವ ಮೊದಲೇ ಫೋನು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪರೀಕ್ಷೆ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, “ಕಣ್ಣು ಮುಚ್ಕೋ” ಎನ್ನುವನು. ಒಂದು ಕೇಬಲ್ಲು ಸಿಕ್ಕಿಸಿ ಹಾಡಿನ ಒಂದು ತುಣುಕು ಹಾಕುವನು. ಒಬ್ಬ ಹೆಂಗಸಿನ ದನಿ, ಪಕ್ಕದಲ್ಲಿ ಪಿಟೀಲು, ಹಿಂದೆ ಎಲ್ಲೋ ಒಂದು ಸಣ್ಣ ಗಂಟೆ. ಅದನ್ನು ನಿಲ್ಲಿಸಿ, ಸ್ಟ್ಯಾಂಡಿನ ಹಿಂದೆ ಕೈ ಹಾಕಿ ತಡಕಾಡಿ, ಇನ್ನೊಂದು ಕೇಬಲ್ಲು ಸಿಕ್ಕಿಸಿ ಮತ್ತದೇ ತುಣುಕು. “ಯಾವುದು ಚೆನ್ನಾಗಿತ್ತು?”

ಮೊದಲ ಸಲ ಅವಳು ಇದ್ದದ್ದು ಇದ್ದ ಹಾಗೇ ಹೇಳಿದ್ದಳು. “ಎರಡೂ ಒಂದೇ ಥರ ಇದೆಯಲ್ರೀ.”

ಅವನು ಹೊಸ ಕೇಬಲ್ಲನ್ನು ಸುರುಳಿ ಸುತ್ತಿ ಡಬ್ಬಿಗೆ ಹಾಕಿದ. ಮುಖ ಮಾತ್ರ, ಹಂಚಲು ತಂದ ಸಿಹಿಯನ್ನು ಯಾರೂ ಮುಟ್ಟದೆ ಹೋದರೆ ಆಗುತ್ತದಲ್ಲ, ಹಾಗಾಗಿತ್ತು. ಆ ವಾರವೆಲ್ಲ ಪೆಟ್ಟಿಗೆಗಳ ಮುಂದೆ ಕೂತರೂ ಹಾಡು ಹಾಕಲಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಕೈ ಎತ್ತಿದವನಲ್ಲ, ದನಿ ಏರಿಸಿದವನಲ್ಲ. ಇರುವ ಒಂದು ಆಸೆಗೆ ತಾನು ಕಲ್ಲು ಹಾಕಿದೆನಲ್ಲ ಎಂದುಕೊಂಡಳು ಅಕ್ಕ.

ಮುಂದಿನ ಸಲ ಅವಳು ಹಾಡು ಕೇಳಲಿಲ್ಲ, ಗಂಡನ ದನಿ ಕೇಳಿದಳು. “ಇದು ಒಂದು” ಎಂದಾಗ ಆ ದನಿ ಸಪ್ಪಗಿತ್ತು. “ಇದು ಎರಡು” ಎಂದಾಗ ಕೊನೆಯಲ್ಲಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಎಕ್ಸ್‌ಚೇಂಜಿನವಳಿಗೆ ಅಷ್ಟು ಸಾಕಲ್ಲ. “ಎರಡನೇದು” ಎಂದಳು.

“ಆಹಾ! ನೋಡಿದ್ಯಾ? ಆ ಗಂಟೆ ಗಮನಿಸಿದ್ಯಾ, ಹೇಗೆ ಬಿಡಿಬಿಡಿಯಾಗಿ ಬಂತು!”

“ಹೂಂ, ಬಂತು.”

ಅಂದಿನಿಂದ ಅವಳ ಉತ್ತರ ತಪ್ಪಿದ್ದೇ ಇಲ್ಲ. ಗಂಡ ಮನಸ್ಸಿನಲ್ಲಿ ಯಾವುದನ್ನು ಮೆಚ್ಚಿದ್ದನೋ ಅದನ್ನೇ ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಅಳೆದರೆ ಎಲ್ಲ ಕೇಬಲ್ಲೂ ಒಂದೇ ಎನ್ನುತ್ತಿದ್ದ ಅಂಗಡಿಯವನ ಮುಂದೆ ಅವನು ಎದೆಯುಬ್ಬಿಸಿ, “ನಿನ್ನ ಮೀಟರು ಗೀಟರು ಬದಿಗಿಡಪ್ಪಾ. ನನ್ನ ಹೆಂಡತಿ ಕಿವೀಲಿ ಅನ್ನ ದುಡಿದವಳು. ಅವಳಿಗೂ ಕೇಳಿಸುತ್ತೆ, ನನಗೂ ಕೇಳಿಸುತ್ತೆ. ಇಬ್ಬರಿಗೂ ಭ್ರಮೆಯಾ?” ಎನ್ನುತ್ತಿದ್ದ. ಅಂಗಡಿಯವನು ತಲೆ ಕೆರೆದುಕೊಳ್ಳುತ್ತಿದ್ದ. ಅಕ್ಕನಿಗೆ ಇದು ಸುಳ್ಳು ಎಂದು ಎಂದೂ ಅನಿಸಲಿಲ್ಲ. ಬಡಿಸಿದ್ದು ಸಪ್ಪೆಯಿದ್ದರೂ ಚೆನ್ನಾಗಿದೆ ಎಂದು ಅವನು ಉಣ್ಣುವುದಿಲ್ಲವೇ, ಇದೂ ಹಾಗೇ ಒಂದು ಸಂಸಾರದ ಮಾತು. ಹೀಗೆ ಭಾನುವಾರಗಳು ಸರಿಯುತ್ತ ಹೋದವು. ನಿಜ ಹೇಳಬೇಕೆಂದರೆ ಅವು ಸುಖದ ದಿನಗಳೇ.

ಇಬ್ಬರ ತಲೆಯೂ ನರೆಯತೊಡಗಿದ ಕಾಲಕ್ಕೆ ಒಂದು ದಿನ ಅವನು ಹಾಡನ್ನು ಅರ್ಧಕ್ಕೇ ನಿಲ್ಲಿಸಿದ.

“ಗಾಯಕಿ ಬಲಕ್ಕೆ ಸರಿದಿದ್ದಾಳೆ ಕಣೇ.”

“ಯಾರು?”

“ಹಾಡೋಳು. ಸರಿಯಾಗಿ ಎರಡು ಸ್ಪೀಕರಿನ ನಡುವೆ ನಿಂತಿರ್ತಿದ್ಲು. ಈಗ ನೋಡು, ಕಿಟಕಿ ಹತ್ರ ಹೋಗಿದ್ದಾಳೆ.”

ಅಕ್ಕ ಒರೆಸುವ ಬಟ್ಟೆ ಹಿಡಿದುಕೊಂಡೇ ನಿಂತು ಕೇಳಿದಳು. ಅವಳಿಗೆ ದನಿ ನಡುವಿನಿಂದಲೇ ಬರುತ್ತಿತ್ತು. ಇದೂ ಅವನ ಸೂಕ್ಷ್ಮದ ಯಾವುದೋ ಲೆಕ್ಕವಿರಬೇಕು ಎಂದು ಅಡುಗೆಮನೆಗೆ ಹೋದಳು.

ಅವನು ಬಿಡುವವನೇ? ಕೈಕೆಲಸದವನು, ಒಂದೊಂದೇ ಕಾರಣ ತಳ್ಳಿಹಾಕುತ್ತ ಬಂದ. ಎಡದ ಸ್ಪೀಕರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಇಟ್ಟ. ಗಾಯಕಿ ಕಿಟಕಿಯ ಹತ್ತಿರವೇ ಇದ್ದಳು. ಪರದೆ ಬದಲಿಸಿದ, ಗೋಡೆಗೆ ಕಂಬಳಿ ನೇತುಹಾಕಿದ. ಕೊನೆಗೆ ಗುಮಾನಿ ಬಂದು ನಿಂತದ್ದು ಡಿಜಿಟಲ್ ಕೇಬಲ್ಲಿನ ಮೇಲೆ.

ಅಂಗಡಿಯವನು ಮನೆಗೇ ಬಂದು ಹೇಳಿದ. “ಅಣ್ಣಾ, ಈ ಕೇಬಲ್ಲಲ್ಲಿ ಹೋಗೋದು ಬರೀ ಅಂಕಿ. ಎಡ, ಬಲ ಎರಡೂ ಒಂದೇ ಮೂಟೇಲಿ ಹೋಗುತ್ತೆ. ಹಾಳಾದ್ರೆ ಎರಡೂ ಹಾಳಾಗ್ಬೇಕು. ಎಡಗಡೆ ಒಂದೇ ಸೊರಗೋಕೆ ದಾರಿನೇ ಇಲ್ಲ.”

“ಮತ್ತೆ ನನಗೆ ಹಾಗೆ ಕೇಳಿಸ್ತಿರೋದು?”

ಅಂಗಡಿಯವನು ಅಕ್ಕನ ಕಡೆ ಒಮ್ಮೆ ನೋಡಿ, ಕಾಫಿ ಕುಡಿದು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ಒಂದ್ಸಲ ಕಿವಿ ತೋರಿಸಿಬಿಡಿ ಅಣ್ಣಾ, ಏನಿಲ್ಲ, ಮೇಣ ಕಟ್ಟಿಕೊಂಡಿದ್ರೂ ಹೀಗಾಗುತ್ತೆ” ಎಂದ.

ಆ ಮಾತು ಗಂಡನಿಗೆ ನಾಟಿತು. ನಾಲ್ಕಾರು ದಿನ ಮಂಕಾಗಿದ್ದ. ಊಟಕ್ಕೆ ಕೂತಾಗ ತಾನಾಗಿ, “ಅವನು ಹೇಳಿದ್ದೂ ನಿಜ ಇರಬಹುದು. ಎಡಗಿವೀಲಿ ಒಂದೊಂದ್ಸಲ ಕುಕ್ಕರ್ ಸೀಟಿ ಥರ ಸುಯ್ ಅನ್ನುತ್ತೆ. ಡಾಕ್ಟರ ಹತ್ರ ಹೋಗಿಬರ್ಲಾ?” ಎಂದ. ಹೋಗಿಬನ್ನಿ ಎಂದಳು ಅಕ್ಕ. ಆದರೆ ಅಷ್ಟರಲ್ಲಿ ಅವನು ಇನ್ನೊಂದು ಕೇಬಲ್ಲಿಗೆ ಹೇಳಿಕಳಿಸಿಯಾಗಿತ್ತು. ಅದು ಬಂದಿತು. ಅದನ್ನೂ ಒಂದು ಕೈ ನೋಡಿಬಿಡೋಣ, ಆಮೇಲೆ ಡಾಕ್ಟರು ಎಂದ.

ಭಾನುವಾರ ಅಕ್ಕ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು.

“ಇದು ಹಳೇದು. ಎಲ್ಲಿದ್ದಾಳೆ?”

ಹಾಡುವವಳು ನಡುವೆಯೇ ಇದ್ದಳು. ಆದರೆ ಗಂಡನ ದನಿಯಲ್ಲಿ ಅಂದು ಇದ್ದದ್ದು ಹಿಂದಿನ ಭಾನುವಾರಗಳ ಉಮೇದಲ್ಲ, ಭಯ. ಆಪರೇಷನ್ ಕೋಣೆಯ ಹೊರಗಿನಿಂದ ಊರಿಗೆ ಫೋನು ಮಾಡುವವರ ದನಿ ಹೀಗಿರುತ್ತಿತ್ತು. ಅಂಥವರಿಗೆ ಬೇಗ ಲೈನು ಕೊಟ್ಟುಬಿಡಬೇಕು ಎಂದು ಅವಳ ಕೈಗೆ ರೂಢಿ.

“ಸ್ವಲ್ಪ ಬಲಕ್ಕಿದ್ದಾಳೆ” ಎಂದಳು.

“ಹೌದಾ? ನಿನಗೂ?” ಸ್ಟ್ಯಾಂಡಿನ ಹಿಂದೆ ಸರಭರ ಸದ್ದು. “ಇದು ಹೊಸದು. ಈಗ?”

“ಈಗ ನಡುವೆ ಬಂದ್ಲು.”

ಅವನು ನೆಲದ ಮೇಲೆಯೇ ಕೂತುಬಿಟ್ಟ. “ಅಬ್ಬಾ! ನನ್ನ ಕಿವಿಯೇ ಹೋಯ್ತು ಅಂದ್ಕೊಂಡಿದ್ದೆ. ನಿನಗೂ ಬಲಕ್ಕೇ ಕೇಳಿಸಿತಲ್ಲ, ಹಾಗಾದ್ರೆ ಕಿವೀದಲ್ಲ ಬಿಡು. ನನಗಿನ್ನೂ ಪೂರ್ತಿ ನಡುವೆ ಬಂದಿಲ್ಲ. ಹೊಸದಲ್ವಾ, ನಾಲ್ಕು ದಿನ ಹಾಡಿ ಪಳಗಬೇಕು.” ಎದ್ದುಬಂದು ಅವಳ ತಲೆ ಸವರಿದ. ಡಾಕ್ಟರ ಮಾತು ಅಲ್ಲಿಗೆ ನಿಂತಿತು.

ಆ ವರ್ಷ ಕಣ್ಣಿಗೆ ಬಿದ್ದದ್ದು ಒಂದೆರಡಲ್ಲ. ಫೋನು ಬಂದರೆ ಬಲಗಿವಿಗೇ ಹಿಡಿಯುತ್ತಿದ್ದ. ಬೀದಿಯಲ್ಲಿ ನಡೆಯುವಾಗ ಅವಳು ಎಡಕ್ಕೆ ಬಂದರೆ ಸುತ್ತಿಕೊಂಡು ಹೋಗಿ ಅವಳನ್ನು ಬಲಕ್ಕೆ ಹಾಕಿಕೊಳ್ಳುತ್ತಿದ್ದ. ಸ್ನಾನದ ಮನೆಯಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಗೋಡೆ ಹಿಡಿಯುತ್ತಿದ್ದ. ವಯಸ್ಸಾಯಿತಲ್ಲ ಎಂದುಕೊಂಡಳು ಅಕ್ಕ. ಕುತ್ತಿಗೆಗೆ ಬಂದಾಗಲೇ ನಮಗೆಲ್ಲ ಕಣ್ಣು ತೆರೆಯುವುದು. ಒಂದು ಬೆಳಗ್ಗೆ ಆಫೀಸು ಕಟ್ಟಡವೊಂದರಲ್ಲಿ ಲಿಫ್ಟಿನ ಮಾಡಿನ ಮೇಲೆ ನಿಂತು ಕೆಲಸ ಮಾಡುತ್ತಿದ್ದವನು ತಲೆ ಸುತ್ತಿ, ಪಕ್ಕದ ಕಂಬಿಯನ್ನು ತಬ್ಬಿ ಹಿಡಿದುಕೊಂಡು ಕೂಗಿದನಂತೆ. ಜೊತೆಯವರು ಇಳಿಸಿ ನೇರ ಆಸ್ಪತ್ರೆಗೆ ಒಯ್ದರು.

ಸ್ಕ್ಯಾನಿನ ಪರದೆಯಲ್ಲಿ ಡಾಕ್ಟರಮ್ಮ ಬೆರಳಿಟ್ಟು ತೋರಿಸಿದಳು. ಎಡಗಿವಿಯ ನರದ ಮೇಲೆ ಗಡ್ಡೆ, ನಿಂಬೆಹಣ್ಣಿನ ಗಾತ್ರ. ಕ್ಯಾನ್ಸರಲ್ಲ, ಸಾವಕಾಶ ಬೆಳೆಯುವಂಥದ್ದು. ಆದರೆ ಈಗ ಮಿದುಳನ್ನು ಒತ್ತುತ್ತಿದೆ, ತೆಗೆಯಲೇಬೇಕು. ತೆಗೆದರೆ ಆ ಕಿವಿ ಪೂರ್ತಿ ಹೋಗುತ್ತದೆ. ಪಕ್ಕದಲ್ಲೇ ಮುಖದ ನರ, ಗಂಟಲಿನ ನರ ಇವೆ, ಅವಕ್ಕೂ ಪೆಟ್ಟಾಗಬಹುದು.

“ಎಷ್ಟು ದಿನದಿಂದ ಎಡಗಡೆ ಕಮ್ಮಿ ಕೇಳಿಸ್ತಿತ್ತು?” ಎಂದಳು ಡಾಕ್ಟರು.

“ಕಮ್ಮಿ ಅಂತಲ್ಲ ಮೇಡಂ” ಎಂದ ಅವನು. “ದನಿ ಬಲಕ್ಕೆ ಸರೀತಿತ್ತು. ಆದರೆ ಅದು ಕಿವೀದಲ್ಲ, ಕೇಬಲ್ಲಿಂದು. ಯಾಕಂದ್ರೆ ನನ್ನ ಹೆಂಡತಿಗೂ ಹಾಗೇ ಕೇಳಿಸ್ತಿತ್ತು. ಕೇಳಿ ಬೇಕಾದ್ರೆ.”

ಡಾಕ್ಟರು ಅಕ್ಕನ ಕಡೆ ತಿರುಗಿದಳು. ಅಕ್ಕ ಮೇಜಿನ ಮೇಲಿದ್ದ ನೀರಿನ ಲೋಟದ ಮುಚ್ಚಳವನ್ನು ನೋಡುತ್ತ ಕೂತಳು. ಡಾಕ್ಟರು ಮತ್ತೆ ಕೇಳಲಿಲ್ಲ. ಹೊರಡುವಾಗ ಮಾತ್ರ, ಯಾರಿಗೆಂದು ಗುರಿಯಿಲ್ಲದೆ, “ಸಣ್ಣದಿದ್ದಾಗ ಬಂದಿದ್ರೆ ಮಾಡೋದು ಬೇಕಾದಷ್ಟಿತ್ತು” ಎಂದಳು.

ಆಪರೇಷನ್ ಆಯಿತು. ಜೀವ ಉಳಿಯಿತು. ಎಡಗಿವಿ ಹೋಯಿತು. ಎಡಗೆನ್ನೆ ಜೋತುಬಿದ್ದು, ಆ ಕಣ್ಣಿನ ರೆಪ್ಪೆ ಮುಚ್ಚದಾಯಿತು. ಮಲಗುವಾಗ ಅಕ್ಕ ಅದಕ್ಕೆ ಮುಲಾಮು ಹಚ್ಚಿ ಪಟ್ಟಿ ಅಂಟಿಸುತ್ತಿದ್ದಳು. ನೀರು ಕುಡಿದರೆ ಕೆಮ್ಮು, ಅನ್ನ ನುಂಗಿದರೆ ಕೆಮ್ಮು. ನಾದಿನಿ ಹೊಲಿಗೆ ಬಿಟ್ಟು ದಿನಕ್ಕೆರಡು ಸಲ ಮೇಲೆ ಬಂದು ಗಂಜಿ ಕುಡಿಸುತ್ತಿದ್ದಳು. ಅಣ್ಣನ ಮುಂದೆ ಹಳೆಯ ನಗೆಚಾಟಿಕೆಯನ್ನೇ ಆಡಿ, ಮೆಟ್ಟಿಲಿಳಿಯುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಪೆಟ್ಟಿಗೆಗಳ ಮೇಲೆ ಧೂಳು ಕೂತಿತ್ತು. ಚೇತರಿಸಿಕೊಂಡು ಓಡಾಡುವಂತಾದ ಮೇಲೆ ಒಂದು ಮಧ್ಯಾಹ್ನ ಅವನು ಅವುಗಳನ್ನು ಒರೆಸಿ ಹಾಡು ಹಾಕಿದ. ಗಾಯಕಿ, ಪಿಟೀಲು, ಗಂಟೆ ಎಲ್ಲ ಬಲಗಡೆ ಒಂದೇ ಗುಡ್ಡೆಯಾಗಿ ಬಿದ್ದಿದ್ದವು. ನಿಲ್ಲಿಸಿದ.

“ನೋಡು” ಎಂದ, ಅರ್ಧ ಬಾಯಿಯಲ್ಲಿ, ತೊದಲುತ್ತ. “ಆಗಲೇ ನನ್ನ ಕಿವಿ ಹಾಳಾಗ್ತಿತ್ತು, ಒಪ್ತೀನಿ. ಆದರೆ ಆ ಹಳೇ ಕೇಬಲ್ಲಲ್ಲೂ ಏನೋ ದೋಷ ಇದ್ದದ್ದು ಖರೆ. ಇಲ್ಲದಿದ್ರೆ ನಿನಗ್ಯಾಕೆ ಹಾಗೆ ಕೇಳಿಸ್ತಿತ್ತು?”

ಇದೇ ಮಾತನ್ನು ಅವನು ಆಸ್ಪತ್ರೆಯಲ್ಲೂ ಆಡಿದ್ದ, ತಂಗಿಯ ಮುಂದೆಯೂ ಆಡಿದ್ದ. ಪ್ರತಿ ಸಲವೂ ಅಕ್ಕ ಎದ್ದು ಏನಾದರೊಂದು ಕೆಲಸಕ್ಕೆ ಹೋಗುತ್ತಿದ್ದಳು. ಅಂದು ಹೋಗಲಿಲ್ಲ.

“ನನಗೆ ಕೇಳಿಸಿರಲಿಲ್ಲ ರೀ.”

“ಏನು?”

ಅವಳು ಎದ್ದು ಅವನ ಬಲಕ್ಕೆ ಬಂದು ನೆಲದ ಮೇಲೆ ಕೂತಳು. “ಅವಳು ನಡುವೆನೇ ಇದ್ಲು. ನಿಮಗೆ ಸಮಾಧಾನ ಆಗ್ಲಿ ಅಂತ ಬಲಕ್ಕೆ ಅಂದೆ. ನಾನು ಹಾಗೆ ಅನ್ನದಿದ್ರೆ ನೀವು ಅವತ್ತೇ ಡಾಕ್ಟರ ಹತ್ರ ಹೋಗ್ತಿದ್ರಿ.”

ಅವನು ಕೇಬಲ್ಲುಗಳ ಡಬ್ಬಿಯ ಕಡೆ ನೋಡಿದ. ಕೊನೆಗೆ, “ಅದಕ್ಕೆ ಮುಂಚೆ? ಗಾಜಿಂದು, ಬೆಳ್ಳೀದು?” ಎಂದ.

“ಒಂದೂ ಇಲ್ಲ. ಎಲ್ಲ ಒಂದೇ ಥರ ಕೇಳಿಸ್ತಿತ್ತು. ನಿಮ್ಮ ದನಿ ಕೇಳಿ ಹೇಳ್ತಿದ್ದೆ.”

ಬೈಯುತ್ತಾನೆ, ಅಳುತ್ತಾನೆ, ನಿನ್ನಿಂದಲೇ ನನ್ನ ಮುಖ ಹೀಗಾಯಿತು ಎನ್ನುತ್ತಾನೆ, ಯಾವುದಕ್ಕೂ ಅವಳು ಸಿದ್ಧಳಾಗಿದ್ದಳು. ಕಿವಿಯ ಮಾತನ್ನು ಅವನು ಎತ್ತಲೇ ಇಲ್ಲ.

“ಹಾಗಾದ್ರೆ ಇಷ್ಟು ವರ್ಷ ನಾನೊಬ್ಬನೇ ಕೇಳ್ತಿದ್ನಾ?” ಎಂದ.

ಅವನು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಗೋಡೆಯ ಕಡೆ ಮುಖಮಾಡಿ ಮಲಗಿದ. ಮುಂದಿನ ಕೆಲವು ದಿನ ಮುಲಾಮು ಹಚ್ಚಲು ಹೋದರೆ ಟ್ಯೂಬನ್ನು ಅವಳ ಕೈಯಿಂದ ತೆಗೆದುಕೊಂಡು ಕನ್ನಡಿಯ ಮುಂದೆ ತಾನೇ ಹಚ್ಚಿಕೊಂಡ. ಪಟ್ಟಿ ಸೊಟ್ಟಗೆ ಅಂಟುತ್ತಿತ್ತು. ನಾದಿನಿ ಬಂದು ಇಬ್ಬರ ಮುಖ ನೋಡಿ, “ಏನ್ ಅತ್ತಿಗೆ, ಲೈನು ಕಟ್ಟಾಗಿದೆಯಾ?” ಎಂದು ನಗಿಸಲು ನೋಡಿ, ಯಾರೂ ನಗದೆ ಇದ್ದಾಗ ಬಟ್ಟಲು ತೊಳೆದಿಟ್ಟು ಹೋದಳು. ಅಕ್ಕ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅತ್ತಳು. ತನ್ನ ಒಂದು ‘ಬಲಕ್ಕಿದ್ದಾಳೆ’ ಅವನಿಂದ ಎಷ್ಟೆಲ್ಲ ಕಿತ್ತುಕೊಂಡಿತು ಎಂದು ಲೆಕ್ಕ ಹಾಕಿದಷ್ಟೂ ಮುಗಿಯುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚುತ್ತಿದ್ದುದು ಅವನ ಆ ಒಂದು ಪ್ರಶ್ನೆ. ಸುಖವೆಂದುಕೊಂಡಿದ್ದ ಅಷ್ಟೂ ಭಾನುವಾರಗಳನ್ನು ಅದು ಒಂದೊಂದಾಗಿ ಬಿಚ್ಚುತ್ತಿತ್ತು.

ಆಮೇಲೊಂದು ಸಂಜೆ ಹಾಲಿನಿಂದ ಹಾಡು ಕೇಳಿಬಂತು. ಅವಳು ಬಾಗಿಲಲ್ಲಿ ನಿಂತಳು.

“ಬಾ ಇಲ್ಲಿ” ಎಂದ ಅವನು, ತಿರುಗದೆ. “ಕೂತ್ಕೋ. ನನಗೆ ಈಗ ಎಡ ಬಲ ಏನೂ ತಿಳಿಯಲ್ಲ. ನೀನೇ ಹೇಳ್ಬೇಕು. ಸುಳ್ಳು ಮಾತ್ರ ಬೇಡ.”

ಅವಳು ಕೂತಳು. ಕಣ್ಣು ಮುಚ್ಚಿ, ಗಂಡನ ದನಿಯನ್ನು ಬದಿಗಿಟ್ಟು, ಬಹುಶಃ ಮೊದಲ ಬಾರಿಗೆ ಆ ಹಾಡನ್ನೇ ಕೇಳಿದಳು. “ಹಾಡೋಳು ನಡುವೆ ಇದ್ದಾಳೆ. ಪಿಟೀಲು ಎಡಕ್ಕೆ, ಸ್ವಲ್ಪ ಹಿಂದೆ.”

“ಗಂಟೆ?”

“ಗಂಟೆ... ಗೊತ್ತಾಗ್ತಿಲ್ಲ ರೀ. ಇನ್ನೊಂದ್ಸಲ ಹಾಕಿ.”

ಅವನ ಅರ್ಧ ಮುಖ ನಕ್ಕಿತು. “ಗೊತ್ತಾಗ್ತಿಲ್ಲ ಅಂತ ಒಂದಿನನಾದ್ರೂ ಅಂದಿದ್ಯಾ ನೀನು?” ಎಂದು ಮತ್ತೆ ಹಾಕಿದ.

ಆಮೇಲೆ ಅವನು ಬದುಕಿದ್ದು ಹೆಚ್ಚು ಕಾಲವಲ್ಲ. ಆದರೆ ಇದ್ದಷ್ಟು ಕಾಲ ಸಂಜೆಗಳು ಹಾಗೆ ಕಳೆದವು. ಅವಳು ಹೇಳುವಳು, ಅವನು ತಲೆಯಾಡಿಸುವನು. ಕೆಲವು ಸಲ, “ಅಲ್ಲಲ್ಲ, ಆ ತಂಬೂರಿ ಬಲಕ್ಕಿರಬೇಕು, ನನಗೆ ನೆನಪಿದೆ” ಎಂದು ಜಗಳವಾಡುವನು. ಅವಳು ಬಿಟ್ಟುಕೊಡುತ್ತಿರಲಿಲ್ಲ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮುಲಾಮಿನ ಟ್ಯೂಬು ಮಾತ್ರ ಮತ್ತೆ ಅವಳ ಕೈಗೆ ಬಂದಿತ್ತು.

ಗಂಟಲಿನ ನರ ಕೊನೆಗೂ ಸರಿಯಾಗಲಿಲ್ಲ. ನುಂಗಿದ್ದು ದಾರಿ ತಪ್ಪಿ ಎದೆಗಿಳಿದು ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಮಂಚದ ಬಲಗಡೆ ಕುರ್ಚಿ ಹಾಕಿಕೊಂಡು ಅವಳು ಕೂತಿದ್ದಾಗಲೇ, ನರ್ಸು ಬಂದು ಹಾಸಿಗೆಯ ಬಟ್ಟೆ ಬದಲಿಸುವ ಹೊತ್ತಿನಲ್ಲಿ, ಒಂದು ಬೆಳಗ್ಗೆ ಅವನು ಹೋದ.

ಮನೆ ತುಂಬಿದ್ದ ಜನ ಚದುರಿದ ಮೇಲೆ ಅಂಗಡಿಯವನು ಬಂದ. ಪೆಟ್ಟಿಗೆಗಳನ್ನು ಒಯ್ಯಲು ಅಕ್ಕನೇ ಹೇಳಿಕಳಿಸಿದ್ದಳು. ಅವನು ಹಾಲಿನ ನಡುವೆ ನಿಂತನೇ ಹೊರತು ಏನನ್ನೂ ಮುಟ್ಟಲಿಲ್ಲ.

“ಅಕ್ಕಾ, ಒಂದು ಮಾತು. ಕಿವಿ ತೋರಿಸಿ ಅಂತ ನಾನು ಒಂದೇ ಸಲ ಅಂದಿದ್ದು. ಆಮೇಲೆ ಅಣ್ಣ ಕೇಬಲ್ಲು ಕೇಳಿದ್ರು, ಕೊಟ್ಟೆ. ಕೊಡಬಾರದಿತ್ತು. ಕೈ ಹಿಡ್ಕೊಂಡು ಎಳ್ಕೊಂಡು ಹೋಗ್ಬೇಕಿತ್ತು. ನಿದ್ದೆ ಬರಲ್ಲ ಅಕ್ಕಾ.”

ಅಕ್ಕ ಅವನ ಮುಖ ನೋಡಿದಳು. ಈ ಮನುಷ್ಯನಿಗೆ ಏನು ಹೇಳಿದರೆ ಹಗುರವಾದೀತು ಎಂದು ಅವಳಿಗೆ ಗೊತ್ತಿತ್ತು. ನಿನ್ನ ತಪ್ಪೇನಿಲ್ಲ ಎಂದರೆ ಸಾಕಿತ್ತು. ತುದಿನಾಲಿಗೆಗೆ ಬಂದದ್ದನ್ನು ನುಂಗಿಕೊಂಡಳು.

“ನನಗೂ ಬರಲ್ಲಪ್ಪಾ” ಎಂದಳು. “ಕೈ ತೊಳ್ಕೋ. ಊಟ ಮಾಡೋಣ, ಆಮೇಲೆ ಇಳಿಸುವಿಯಂತೆ.”

ನಾದಿನಿ ಮೂರು ತಟ್ಟೆ ಹಾಕಿದಳು. ಕುರ್ಚಿಗಳು ಸಾಲದೆ ಮೂವರೂ ನೆಲದ ಮೇಲೆ ಕೂತರು. ಅಂಗಡಿಯವನು ತಲೆ ಬಗ್ಗಿಸಿಕೊಂಡು ಕಲಸುತ್ತಿದ್ದ. ನಾದಿನಿ ಅವನಿಗೆ ಇನ್ನೊಂದು ಸೌಟು ಸಾರು ಹಾಕಿ, “ಉಪ್ಪು ಜಾಸ್ತಿಯಾಗಿದೆಯೇನೋ, ನೋಡ್ಕೊಂಡು ತಿನ್ನಪ್ಪಾ” ಎಂದಳು.